ಈ ಜುಮುಕಿಯನ್ನು ಯಾವ ವಿಭಾಗಕ್ಕೆ ಹಾಕಲಿ?

ಕೈಯಲ್ಲಿ ಮಾಡಿದ ಒಡವೆಗಳನ್ನು ಆನ್‌ಲೈನ್‌ನಲ್ಲಿ ಮಾರುವವರ ಪತ್ರಗಳು ಈ ಸಲ ಜಾಸ್ತಿ ಬಂದಿವೆ. ಎಲ್ಲರ ತೊಂದರೆಯೂ ಹೆಚ್ಚುಕಮ್ಮಿ ಒಂದೇ: ಯಾವುದನ್ನು ಯಾವ ಹೆಸರಿನ ಕೆಳಗೆ ಇಡಬೇಕು? ಅದಕ್ಕೇ ಈ ಕಂತನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಮನೆಯಲ್ಲೇ ಟೆರಾಕೋಟಾ (ಸುಟ್ಟ ಮಣ್ಣಿನ) ಒಡವೆ, ರೇಷ್ಮೆ ದಾರದ ಬಳೆ, ಮಣಿಸರ ಮಾಡುತ್ತೇನೆ. ಇಷ್ಟು ದಿನ ವಾಟ್ಸಾಪ್ ಸ್ಟೇಟಸ್‌ನಲ್ಲೇ ಮಾರುತ್ತಿದ್ದೆ. ಈಗ ಸ್ವಂತ ಆನ್‌ಲೈನ್ ಅಂಗಡಿ ತೆರೆದು, ಟ್ರೆಡಿಷನಲ್, ಮಾಡರ್ನ್, ಫ್ಯೂಷನ್, ಬೋಹೊ, ಆಂಟಿಕ್ ಅಂತ ಐದು ವಿಭಾಗ ಮಾಡಿದ್ದೇನೆ. ಆದರೂ ಜನ ‘ಓಲೆ ಎಲ್ಲಿದೆ ಮೇಡಂ, ಕಾಣಿಸ್ತಿಲ್ಲ’ ಅಂತ ಮೆಸೇಜ್ ಮಾಡುತ್ತಾರೆ. ಲಕ್ಷ್ಮಿಯ ಅಚ್ಚಿರುವ ಮಣ್ಣಿನ ಜುಮುಕಿಯನ್ನು ಎಲ್ಲಿಡಬೇಕೋ ನನಗೇ ಗೊತ್ತಾಗುತ್ತಿಲ್ಲ.
— ಹೆಸರು ಬೇಡ, ಶಿವಮೊಗ್ಗ

ಉತ್ತರ: ನಿಮ್ಮ ಗಿರಾಕಿಗಳೇ ಉತ್ತರ ಕೊಟ್ಟುಬಿಟ್ಟಿದ್ದಾರೆ ನೋಡಿ. ಅವರು ಕೇಳುತ್ತಿರುವುದು ಓಲೆ. ಒಡವೆ ಕೊಳ್ಳುವವರಿಗೆ ಮೊದಲು ತಲೆಗೆ ಬರುವುದು ಕಿವಿಗೆ ಬೇಕೋ, ಕೊರಳಿಗೆ ಬೇಕೋ, ಕೈಗೆ ಬೇಕೋ ಅಂತ. ಹಾಗಾಗಿ ಅಂಗಡಿಯ ಮೊದಲ ಸಾಲಿನಲ್ಲಿ ಓಲೆ–ಜುಮುಕಿ, ಸರ, ಬಳೆ, ಉಂಗುರ, ಗೆಜ್ಜೆ, ತಲೆಯ ಒಡವೆ ಇವೇ ಇರಲಿ. ಶೈಲಿ ಅದರ ಒಳಗೆ ಬರಬೇಕು. ಶೈಲಿ ಮುಖ್ಯವಲ್ಲ ಅಂತ ನಾನು ಹೇಳುತ್ತಿಲ್ಲ, ಕೈಕೆಲಸದ ಒಡವೆಗೆ ಅದೇ ಜೀವ. ಆದರೆ ಓಲೆಯೇ ಕಣ್ಣಿಗೆ ಬೀಳದಿದ್ದರೆ ಅದರ ಶೈಲಿ ನೋಡುವವರು ಯಾರು?

ಇನ್ನು ನಿಮ್ಮ ಐದು ಹೆಸರುಗಳು. ಫ್ಯೂಷನ್ ತೆಗೆದುಬಿಡಿ. ಬೇರೆ ಎಲ್ಲೂ ಹೊಂದದ್ದನ್ನೆಲ್ಲ ನಾವು ಹಾಕುವ ಡಬ್ಬ ಅದು, ಅದರಲ್ಲಿ ಏನಿರುತ್ತೆ ಅಂತ ಕೊಳ್ಳುವವರಿಗೆ ಹೇಗೆ ತಿಳಿಯಬೇಕು? ಮಾಡರ್ನ್ ಅನ್ನುವುದೂ ಹಾಗೇ. ‘ದಿನನಿತ್ಯ’ ಅಂತ ಹೆಸರಿಟ್ಟರೆ, ಆಫೀಸಿಗೆ ಕಾಲೇಜಿಗೆ ಹಾಕಿಕೊಳ್ಳುವ ಹಗುರ ಒಡವೆ ಅಂತ ತಕ್ಷಣ ಗೊತ್ತಾಗುತ್ತೆ.

ಶೈಲಿಗೆ ಹೆಸರು ಹುಡುಕುವ ಮೊದಲು ಒಂದು ಕೆಲಸ ಮಾಡಿ. ಇರುವ ಒಡವೆಗಳನ್ನೆಲ್ಲ ಚಾಪೆಯ ಮೇಲೆ ಹರಡಿ. ಪ್ರತಿಯೊಂದನ್ನೂ ಎತ್ತಿಕೊಂಡು ‘ಇದು ಯಾವ ಸೀರೆಗೆ, ಯಾವ ಬಟ್ಟೆಗೆ’ ಅಂತ ಕೇಳಿಕೊಳ್ಳಿ. ಮೈಸೂರು ಸಿಲ್ಕಿಗೆ ಹೋಗುವ ಬಂಗಾರದ ಬಣ್ಣದ, ಕೆಂಪು ಹರಳಿನ ಒಡವೆಗಳು ಒಂದು ಕಡೆ ಸೇರುತ್ತವೆ. ಕೈಮಗ್ಗದ ಕಾಟನ್ ಸೀರೆಗೆ, ಕುರ್ತಾಗೆ ಹೊಂದುವ ಮಣ್ಣಿನ ಓಲೆ, ಕಪ್ಪು ಪಾಲಿಶ್‌ನ ಪದಕ ಇನ್ನೊಂದು ಕಡೆ. ಇಳಕಲ್ ಸೀರೆಗೆ ಅಂತಲೇ ಮಾಡಿದ ಬೋರಮಾಳ, ಗೆಜ್ಜೆಟೀಕಿಯಂಥ ಕೊರಳ ಒಡವೆ ಇದ್ದರೆ ಅವು ತಾವಾಗೇ ಬೇರೆ ನಿಲ್ಲುತ್ತವೆ. ಹೀಗೆ ಬರುವ ಗುಂಪುಗಳೇ ನಿಮ್ಮ ನಿಜವಾದ ಶೈಲಿಗಳು. ನಾಲ್ಕೋ ಐದೋ ಸಾಕು. ಎರಡೇ ಎರಡು ಒಡವೆ ಇರುವ ವಿಭಾಗ ತೆರೆಯಬೇಡಿ, ನೋಡುವವರು ಸ್ಟಾಕ್ ಖಾಲಿ ಅಂದುಕೊಂಡು ಮುಂದೆ ಹೋಗುತ್ತಾರೆ.

ಈಗ ಲಕ್ಷ್ಮಿ ಜುಮುಕಿ. ಟೆಂಪಲ್ ಜ್ಯುವೆಲರಿ ಅಂದರೆ ಜನರ ಕಣ್ಣ ಮುಂದೆ ಬರುವುದು ದೇವರ ವಿಗ್ರಹಗಳಿಗೆ ತೊಡಿಸುತ್ತಿದ್ದ, ಆಮೇಲೆ ಭರತನಾಟ್ಯದವರು ಹಾಕಿಕೊಳ್ಳಲು ಶುರುಮಾಡಿದ ಬಗೆಯ ಒಡವೆ. ಕೆಂಪು ಹಸಿರು ಹರಳು, ಚಿನ್ನದ ಲೇಪ, ಹಂಸ, ನವಿಲು, ಮಾವಿನಕಾಯಿ, ಲಕ್ಷ್ಮಿ ಅದರ ಗುರುತು. ತಮಿಳುನಾಡಿನ ನಾಗರಕೋಯಿಲ್‌ನ ವಡಸೇರಿಯಲ್ಲಿ ಇದನ್ನು ಇವತ್ತಿಗೂ ಕೈಯಲ್ಲೇ ಮಾಡುತ್ತಾರೆ, ಅದಕ್ಕೆ ಜಿಐ, ಅಂದರೆ ಒಂದು ಊರಿನ ವಿಶೇಷ ವಸ್ತುವಿಗೆ ಕೊಡುವ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ನಿಮ್ಮ ಜುಮುಕಿಯಲ್ಲಿ ಲಕ್ಷ್ಮಿ ಇದ್ದಾಳೆ, ಆದರೆ ಅದು ಸುಟ್ಟ ಮಣ್ಣು. ಹುಡುಕುವವರು ಟೆಂಪಲ್ ಅಂತ ಒತ್ತಿ ಮಣ್ಣಿನದು ಬಂದರೆ ಬೇಜಾರಾಗುತ್ತಾರೆ. ಮಣ್ಣಿನ ಒಡವೆಯನ್ನೇ ಇಷ್ಟಪಡುವವರಿಗೆ ಅದು ಕಾಣಿಸುವುದೇ ಇಲ್ಲ. ‘ಟೆರಾಕೋಟಾ ಲಕ್ಷ್ಮಿ ಜುಮುಕಿ, ಟೆಂಪಲ್ ವಿನ್ಯಾಸ’ ಅಂತ ಹೆಸರು ಕೊಟ್ಟು, ಓಲೆ–ಜುಮುಕಿಯ ಒಳಗಿನ ಟೆರಾಕೋಟಾ ಗುಂಪಿನಲ್ಲೇ ಇಡಿ. ಟೆಂಪಲ್ ಅನ್ನುವುದು ಟ್ಯಾಗ್‌ನಲ್ಲಿ ಬರಲಿ.

ವಿಭಾಗಕ್ಕೂ ಟ್ಯಾಗ್‌ಗೂ ಇರುವ ವ್ಯತ್ಯಾಸ ಇದೇ. ವಿಭಾಗ ಒಡವೆಯ ಜಾಗ, ಅದು ಒಂದೇ ಇದ್ದರೆ ಒಳ್ಳೆಯದು. ಟ್ಯಾಗ್ ಅಂದರೆ ಅದನ್ನು ಹುಡುಕುವವರು ಯಾವ್ಯಾವ ಮಾತು ಟೈಪ್ ಮಾಡಬಹುದೋ ಅವೆಲ್ಲ. ಮುಂದೆ ಕೈಕೆಲಸದ ವಸ್ತು ಮಾರುವ ಎಟ್ಸಿ ಅನ್ನುವ ಜಾಲತಾಣದಲ್ಲಿ ಮಾರುವುದಾದರೆ ಅಲ್ಲಿ ಒಂದು ವಸ್ತುವಿಗೆ 13 ಟ್ಯಾಗ್ ಕೊಡಬಹುದು, ಒಂದೊಂದೂ 20 ಅಕ್ಷರದೊಳಗೆ ಇರಬೇಕು. ಅಂಗಡಿಯ ವಿಭಾಗ ಮಾತ್ರ ಒಂದು ವಸ್ತುವಿಗೆ ಒಂದೇ. ಟ್ಯಾಗ್‌ನಲ್ಲಿ ಜುಮುಕಿ, ಜುಮ್ಕಾ ಎರಡೂ ಹಾಕಿ, ಮಣ್ಣಿನ ಓಲೆ ಅಂತಲೂ ಹಾಕಿ, ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಅದನ್ನೂ ಸೇರಿಸಿ. ಹಬ್ಬ ಮುಗಿದ ಮೇಲೆ ತೆಗೆಯುವುದು ಮರೆಯಬೇಡಿ.

ಆಂಟಿಕ್ ಬಗ್ಗೆ ಒಂದು ಮಾತು. ನೀವು ಈಗ ಮಾಡಿದ ಒಡವೆ ಹಳೆಯದಲ್ಲ, ಅಲ್ವಾ? ‘ಆಂಟಿಕ್ ಪಾಲಿಶ್’ ಅಂತ ಪೂರ್ತಿ ಬರೆಯಿರಿ. ಎಟ್ಸಿಯಲ್ಲಂತೂ ವಿಂಟೇಜ್ (ಹಳೆಯ ಕಾಲದ್ದು) ಅನ್ನಬೇಕಾದರೆ ವಸ್ತುವಿಗೆ ಕಡಿಮೆಯೆಂದರೂ 20 ವರ್ಷ ಆಗಿರಬೇಕು.

ಪ್ರಶ್ನೆ: ನಾನು ಜರ್ಮನ್ ಸಿಲ್ವರ್ ಪದಕಗಳಿಗೆ ಮಣಿ ಪೋಣಿಸಿ ಸರ ಮಾಡುತ್ತೇನೆ. ಬೆಳ್ಳಿ ಒಡವೆ ವಿಭಾಗದಲ್ಲಿ ಹಾಕಿದರೆ ಜಾಸ್ತಿ ಜನ ನೋಡುತ್ತಾರೆ ಅಂತ ನಮ್ಮ ಅತ್ತಿಗೆ ಹೇಳುತ್ತಾರೆ. ಹೆಸರಲ್ಲೇ ಸಿಲ್ವರ್ ಇದೆಯಲ್ಲ, ಹಾಕಬಹುದಾ?
— ಓದುಗಿ, ಧಾರವಾಡ

ಉತ್ತರ: ಬೇಡ. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಇರುವುದೇ ಇಲ್ಲ. ಅದು ತಾಮ್ರ, ನಿಕ್ಕಲ್, ಸತು ಸೇರಿದ ಲೋಹ. ಬೆಳ್ಳಿ ವಿಭಾಗಕ್ಕೆ ಬರುವವರು 925 ಬೆಳ್ಳಿ, ಅಂದರೆ ನೂರಕ್ಕೆ 92.5 ಪಾಲು ಬೆಳ್ಳಿ ಇರುವುದನ್ನು ಹುಡುಕಿಕೊಂಡು ಬಂದಿರುತ್ತಾರೆ. ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು: ನಿಕ್ಕಲ್ ಕೆಲವರ ಮೈಗೆ ಆಗುವುದಿಲ್ಲ, ತುರಿಕೆ, ಕೆಂಪು ಗಂಧೆ ಏಳುತ್ತೆ. ಬೆಳ್ಳಿ ಅಂತ ನಂಬಿ ಕೊಂಡವರಿಗೆ ಕೊರಳಲ್ಲಿ ಹಾಗಾದರೆ ಅದು ನಿಮ್ಮ ಹೆಸರಿಗೇ ಬರುತ್ತೆ.

ಆಕ್ಸಿಡೈಸ್ಡ್ ಅಂತ ವಿಭಾಗ ಮಾಡಿ. ಆದರೆ ಅದು ಕಪ್ಪು ಪಾಲಿಶ್‌ನ ಹೆಸರು, ಲೋಹದ ಹೆಸರಲ್ಲ. ಬೆಳ್ಳಿಗೂ ಕಪ್ಪು ಪಾಲಿಶ್ ಕೊಡುತ್ತಾರೆ, ಹಿತ್ತಾಳೆಗೂ ಕೊಡುತ್ತಾರೆ. ಹಾಗಾಗಿ ಲೋಹ ಯಾವುದು ಅನ್ನುವುದು ವಿವರಣೆಯ ಮೊದಲ ಸಾಲಿನಲ್ಲೇ ಇರಲಿ. ಓಲೆಗಳಾದರೆ ಕಿವಿಯೊಳಗೆ ಹೋಗುವ ಕೊಕ್ಕೆ ಯಾವುದರದ್ದು ಅಂತ ಬೇರೆಯಾಗಿ ಬರೆಯಿರಿ. ಕಿವಿ ಸೂಕ್ಷ್ಮ ಇರುವವರು ಮೊದಲು ನೋಡುವುದೇ ಅದನ್ನು. ಅತ್ತಿಗೆಯವರ ಲೆಕ್ಕದಲ್ಲಿ ನೋಡುವವರು ಜಾಸ್ತಿ ಆಗಬಹುದು, ಆದರೆ ವಾಪಸ್ ಕಳಿಸುವವರೂ ಜಾಸ್ತಿ ಆಗುತ್ತಾರೆ.

ಪ್ರಶ್ನೆ: ಚನ್ನಪಟ್ಟಣದಿಂದ ಮರದ ಮಣಿ ತಂದು ನಾನೇ ಸರ, ಓಲೆ ಮಾಡುತ್ತೇನೆ. ‘ಚನ್ನಪಟ್ಟಣ ಶೈಲಿ’ ಅಂತ ವಿಭಾಗ ಮಾಡಬಹುದಾ?
— ಓದುಗಿ, ಬೆಂಗಳೂರು

ಉತ್ತರ: ವಿಭಾಗ ಮಾಡಿ, ಆದರೆ ‘ಶೈಲಿ’ ತೆಗೆಯಿರಿ. ಮಣಿ ನಿಜವಾಗಿ ಚನ್ನಪಟ್ಟಣದ್ದೇ ತಾನೇ? ‘ಚನ್ನಪಟ್ಟಣದ ಮರದ ಮಣಿ ಒಡವೆ’ ಅಂತ ನೇರವಾಗಿ ಹೇಳಿ. ಆಲೆ ಮರದ ತುಂಡನ್ನು ಲೇತ್‌ನಲ್ಲಿ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗು ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ತರಿಸಿದ ಮಣಿ ಅದು. ಈ ವಿವರವನ್ನು ಬರೆಯಿರಿ, ಮಣಿ ಕಡೆದವರು ಒಪ್ಪಿದರೆ ಅವರ ಕೆಲಸದ ಫೋಟೋ ಹಾಕಿ. ಪೋಣಿಸಿದ್ದು ನೀವು, ಮಣಿ ಮಾಡಿದವರು ಅವರು, ಎರಡೂ ಕೊಳ್ಳುವವರಿಗೆ ತಿಳಿಯಲಿ.

ಊರಿನ ಹೆಸರಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಚನ್ನಪಟ್ಟಣದ ಆಟಿಕೆ–ಗೊಂಬೆಗಳಿಗೂ ಬೀದರ್‌ನ ಬಿದರಿ ಕೆಲಸಕ್ಕೂ ಜಿಐ ಇದೆ. ಬಿದರಿ ಅಂದರೆ ಸತು–ತಾಮ್ರದ ಮಿಶ್ರಲೋಹದಲ್ಲಿ ಗೆರೆ ಕೊರೆದು, ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಬರಿಸಿದ್ದು. ಕಪ್ಪು ತಗಡಿನ ಮೇಲೆ ಬಿಳಿ ಗೆರೆ ಪ್ರಿಂಟ್ ಮಾಡಿ ಬಿದರಿ ಶೈಲಿಯ ಪದಕ ಅಂತ ಮಾರಿದರೆ, ತಲೆಮಾರುಗಳಿಂದ ಆ ಕೆಲಸ ಮಾಡಿಕೊಂಡು ಬಂದವರ ಅನ್ನಕ್ಕೆ ಕೈ ಹಾಕಿದಂತೆ. 1999ರ ಜಿಐ ಕಾಯ್ದೆಯಲ್ಲಿ ಇಂಥ ಸುಳ್ಳು ಬಳಕೆಗೆ ಶಿಕ್ಷೆಯೂ ಇದೆ.

ಪ್ರಶ್ನೆ: ತಾಮ್ರದ ಮೇಲೆ ಚಿನ್ನದ ಲೇಪ ಕೊಟ್ಟು ಕೊಡವರ ಸರಗಳಾದ ಕೊಕ್ಕೆತಾತಿ, ಜೋಮಾಲೆ ಮಾಡಿಸುತ್ತೇವೆ. ಬರೀ ನೆಕ್ಲೇಸ್ ಅಂತ ಹಾಕಬೇಕಾ, ಕೊಡವ ಒಡವೆ ಅಂತ ಬೇರೆ ಮಾಡಬೇಕಾ?
— ಓದುಗರು, ಮಡಿಕೇರಿ

ಉತ್ತರ: ಖಂಡಿತ ಬೇರೆ ಮಾಡಿ. ಮೊದಲ ಪ್ರಶ್ನೆಗೆ ಹೇಳಿದ್ದು ಇಲ್ಲಿ ಪೂರ್ತಿ ಅನ್ವಯಿಸುವುದಿಲ್ಲ. ನಿಮ್ಮ ಗಿರಾಕಿ ಸರ ಹುಡುಕಿಕೊಂಡು ಬರುವುದಿಲ್ಲ, ಕೊಕ್ಕೆತಾತಿ ಅಂತಲೇ ಹುಡುಕುತ್ತಾರೆ. ಬೆಂಗಳೂರಲ್ಲೋ ಹೊರದೇಶದಲ್ಲೋ ಇರುವ ಕೊಡವ ಮನೆಯವರು ಮದುವೆಗೆ ಬೇಕು ಅಂತ ಹುಡುಕುವಾಗ ಆ ಹೆಸರೇ ಸಿಗಬೇಕು. ಬೇರೆಯವರಿಗಾಗಿ ವಿವರಣೆಯಲ್ಲಿ ಎರಡು ಸಾಲು ಬರೆಯಿರಿ: ಕೊಕ್ಕೆತಾತಿ ಅಂದರೆ ಅರ್ಧಚಂದ್ರದ ಪದಕ, ಮೇಲೆ ನಾಗರ ಹೆಡೆ, ಅಂಚಿಗೆ ಸಣ್ಣ ಮುತ್ತು, ಹವಳ ಸೇರಿದ ಸರ. ಚಿನ್ನದ ಲೇಪ ಅನ್ನುವುದು ಹೆಸರಿನಲ್ಲೇ ಇರಲಿ, ಕೆಳಗೆ ಎಲ್ಲೋ ಸಣ್ಣಕ್ಷರದಲ್ಲಿ ಬೇಡ.

ಪ್ರಶ್ನೆ: ರೇಷ್ಮೆ ದಾರದ ಬಳೆಗಳನ್ನು ಶೈಲಿ ಪ್ರಕಾರ ವಿಂಗಡಿಸಲಾ, ಅಳತೆ ಪ್ರಕಾರ ವಿಂಗಡಿಸಲಾ?
— ಓದುಗಿ, ತುಮಕೂರು

ಉತ್ತರ: ವಿಭಾಗ ಶೈಲಿ ಪ್ರಕಾರ ಇರಲಿ: ಕುಂದನ್ ಹರಳು ಅಂಟಿಸಿದ್ದು, ಬರೀ ದಾರದ್ದು, ಮದುವೆ ಸೆಟ್, ಮಕ್ಕಳದ್ದು. ಅಳತೆಯನ್ನು ಪ್ರತಿ ಬಳೆಯ ಪುಟದಲ್ಲೇ ಆರಿಸಿಕೊಳ್ಳುವಂತೆ ಕೊಡಿ. 2-4, 2-6, 2-8 ಅಂತ ಬರೆದರೆ ನಮ್ಮ ಕಡೆಯವರಿಗೆ ತಿಳಿಯುತ್ತೆ, ಹೊರಗಿನವರಿಗೆ ತಿಳಿಯುವುದಿಲ್ಲ. ಮೊದಲ ಅಂಕಿ ಇಂಚು, ಎರಡನೇ ಅಂಕಿ ಇಂಚಿನ ಹದಿನಾರನೇ ಭಾಗದ ಲೆಕ್ಕ. ಅಂದರೆ 2-8 ಬಳೆಯ ಒಳಗಿನ ಅಡ್ಡಳತೆ ಎರಡೂವರೆ ಇಂಚು, 63.5 ಮಿಲಿಮೀಟರ್. 2-6 ಅಂದರೆ 60.3, 2-4 ಅಂದರೆ 57.2. ಮಿಲಿಮೀಟರ್ ಕೂಡ ಬರೆಯಿರಿ. ದಾರ ಸುತ್ತಿದ ಮೇಲೆ ಬಳೆಯ ಒಳಗಡೆ ಸ್ವಲ್ಪ ಕಿರಿದಾಗುತ್ತೆ, ಆದ್ದರಿಂದ ಅಳೆಯುವುದು ಸುತ್ತುವ ಮೊದಲು ಬೇಡ, ಪೂರ್ತಿ ಮುಗಿದ ಮೇಲೆ ಅಳೆದು ಆ ಅಂಕಿಯನ್ನೇ ಹಾಕಿ.