ವರ್ಗೀಕರಿಸದ ದತ್ತಾಂಶದ ಚತುರ್ಥಕ ಕಂಡುಹಿಡಿಯುವುದು ಹೇಗೆ? ಅದರ ಅರ್ಥ ಏನು?

ವರ್ಗೀಕರಿಸದ ದತ್ತಾಂಶ ಅಂದರೆ ಗುಂಪುಗಳಾಗಿ ವಿಂಗಡಿಸದ ಬಿಡಿ ಅಂಕಿಗಳು. ಅವನ್ನು ನಾಲ್ಕು ಸಮಭಾಗ ಮಾಡುವ ಮೂರು ಬಿಂದುಗಳೇ ಚತುರ್ಥಕಗಳು. ಮೊದಲು ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿ. ಇದನ್ನು ಬಿಟ್ಟರೆ ಮುಂದಿನದೆಲ್ಲ ತಪ್ಪು. 50 ಅಂಕಗಳ ಪರೀಕ್ಷೆಯಲ್ಲಿ 8 ಮಕ್ಕಳ ಅಂಕಗಳು ಹೀಗಿವೆ ಅನ್ನಿ: 12, 18, 22, 28, 31, 35, 39, 45.

ಮೊದಲ ಚತುರ್ಥಕದ ಸ್ಥಾನ (8+1)/4 = 2.25. ಅಂದರೆ ಎರಡನೇ ಅಂಕಿ 18, ಅದಕ್ಕೆ ಮುಂದಿನ ಅಂತರ 4ರ ಕಾಲು ಭಾಗ ಸೇರಿಸಿ: 19. ಮೂರನೆಯದರ ಸ್ಥಾನ ಇದರ ಮೂರು ಪಟ್ಟು, 6.75. ಆಗ 35 + 0.75×4 = 38. ಎರಡನೆಯದು ಮಧ್ಯಾಂಕವೇ, ಅಂದರೆ ನಟ್ಟನಡುವಿನ ಬೆಲೆ; ಇಲ್ಲಿ 28 ಮತ್ತು 31ರ ಸರಾಸರಿ, 29.5.

ಅರ್ಥ ಇಷ್ಟೇ: ಕಾಲು ಭಾಗ ಮಕ್ಕಳು 19ಕ್ಕಿಂತ ಕಡಿಮೆ, ಕಾಲು ಭಾಗ 38ಕ್ಕಿಂತ ಜಾಸ್ತಿ. ನಡುವಿನ ಅರ್ಧದಷ್ಟು ಮಕ್ಕಳು 19 ಅಂಕಗಳ (38 − 19) ಹರವಿನಲ್ಲಿದ್ದಾರೆ. 45ರ ಬದಲು 50 ಬಂದಿದ್ದರೂ ಈ ಹರವು ಬದಲಾಗಲ್ಲ, ಸರಾಸರಿ ಮಾತ್ರ ಏರುತ್ತದೆ. ನನಗೆ ಚತುರ್ಥಕ ಇಷ್ಟವಾಗುವುದೇ ಇದಕ್ಕೆ.

ಎಕ್ಸೆಲ್‌ನಲ್ಲಿ 'ಕ್ವಾರ್ಟೈಲ್.ಇಂಕ್' (QUARTILE.INC) ಹಾಕಿದರೆ 19ರ ಬದಲು 21 ಬರುತ್ತದೆ. ಗಾಬರಿ ಬೇಡ, ಅದರ ಸೂತ್ರವೇ ಬೇರೆ. 'ಕ್ವಾರ್ಟೈಲ್.ಎಕ್ಸ್‌ಕ್' (QUARTILE.EXC) ಬಳಸಿ, 19 ಸಿಗುತ್ತದೆ.