ಮೀನಿನ ತೊಟ್ಟಿಗೆ ನುಸುಳುವ ಏರೋಪ್ಲೇನ್ ಚಿಟ್ಟೆಯ ಮರಿಹುಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಗಾಜಿನ ತೊಟ್ಟಿಯಲ್ಲಿ ಗಪ್ಪಿ ಮೀನುಗಳನ್ನೂ ಕೆಲವು ಸಣ್ಣ ಸೀಗಡಿಗಳನ್ನೂ ಸಾಕಿದ್ದೇನೆ. ಈಚೆಗೆ ಮೀನಿನ ಮರಿಗಳು ಒಂದೊಂದಾಗಿ ಕಾಣೆಯಾಗುತ್ತಿವೆ. ಸತ್ತ ಮರಿಗಳೂ ಸಿಗುವುದಿಲ್ಲ. ರಾತ್ರಿ ಟಾರ್ಚ್ ಹಾಕಿ ನೋಡಿದಾಗ ಗಿಡದ ಬುಡದಲ್ಲಿ ಕಂದು ಬಣ್ಣದ, ಆರು ಕಾಲಿನ, ದೊಡ್ಡ ಕಣ್ಣುಗಳ ಹುಳುವೊಂದು ಕಂಡಿತು. ಇದು ಯಾವುದು, ಮುಚ್ಚಳವಿರುವ ತೊಟ್ಟಿಯೊಳಗೆ ಹೇಗೆ ಬಂತು, ಔಷಧಿ ಹಾಕಿ ಕೊಲ್ಲಬಹುದೇ?

ಉತ್ತರ: ನೀವು ಕೊಟ್ಟ ವಿವರಣೆಯನ್ನು ನೋಡಿದರೆ ಅದು ಏರೋಪ್ಲೇನ್ ಚಿಟ್ಟೆಯ ಮರಿಹುಳು, ಅಂದರೆ ನಿಂಫ್ ಎಂದು ತೋರುತ್ತದೆ. ಗಪ್ಪಿಗಳು ತಮ್ಮ ಮರಿಗಳನ್ನೇ ನುಂಗುವುದುಂಟಾದ್ದರಿಂದ ನಷ್ಟವನ್ನೆಲ್ಲ ಈ ಹುಳುವಿನ ಮೇಲೆ ಹೊರಿಸುವಂತಿಲ್ಲ. ಆದರೆ ಅದು ತೊಟ್ಟಿಯಲ್ಲಿ ಇರುವಷ್ಟು ಕಾಲ ಮರಿಗಳಿಗೂ ಸೀಗಡಿಗಳಿಗೂ, ಹುಳು ದೊಡ್ಡದಾದಂತೆ ಬೆಳೆದ ಗಪ್ಪಿಗಳಿಗೂ ಅಪಾಯವಿದೆ.

ನಾವು ಗಾಳಿಯಲ್ಲಿ ಕಾಣುವ ಏರೋಪ್ಲೇನ್ ಚಿಟ್ಟೆ ತನ್ನ ಆಯುಷ್ಯದ ಹೆಚ್ಚಿನ ಭಾಗವನ್ನು ನೀರಿನೊಳಗೆ ಮರಿಹುಳುವಾಗಿಯೇ ಕಳೆಯುತ್ತದೆ. ಬೆಚ್ಚಗಿನ ನೀರಿನಲ್ಲಿ ಬೇಗ ಬೆಳೆಯುವ ಜಾತಿಗಳಿಗೆ ಈ ಹಂತ ಕೆಲವು ವಾರಗಳಲ್ಲಿ ಮುಗಿದರೆ, ತಂಪು ಪ್ರದೇಶದ ಕೆಲವು ಜಾತಿಗಳಿಗೆ ಹಲವು ವರ್ಷಗಳೇ ಬೇಕಾಗುತ್ತವೆ. ಈ ಅವಧಿಯಲ್ಲಿ ಮರಿಹುಳು ಸಾಮಾನ್ಯವಾಗಿ 8ರಿಂದ 17 ಬಾರಿ ಪೊರೆ ಕಳಚುತ್ತದೆ, ಮತ್ತು ದೊಡ್ಡ ಜಾತಿಗಳಲ್ಲಿ 4–5 ಸೆಂಟಿಮೀಟರ್ ಉದ್ದಕ್ಕೆ ಬೆಳೆಯುತ್ತದೆ. ಸೊಳ್ಳೆಮರಿ, ನೀರುಚಿಗಟಗಳಿಂದ ತೊಡಗಿ, ಬೆಳೆಯುತ್ತ ಹೋದಂತೆ ಗೊದಮೊಟ್ಟೆ ಮತ್ತು ಸಣ್ಣ ಮೀನುಗಳವರೆಗೆ ಅದರ ಆಹಾರ ವಿಸ್ತರಿಸುತ್ತದೆ.

ಇದರ ಬೇಟೆಯ ಅಂಗ ನಿಜಕ್ಕೂ ವಿಸ್ಮಯಕರವಾದದ್ದು. ಕೆಳತುಟಿಯು ಉದ್ದವಾಗಿ ಬೆಳೆದು, ತುದಿಯಲ್ಲಿ ಕೊಕ್ಕೆಗಳನ್ನು ಪಡೆದು, ಮಡಚಿದ ಮೊಣಕೈಯಂತೆ ತಲೆಯ ಅಡಿಯಲ್ಲಿ ಅಡಗಿರುತ್ತದೆ. ಮರಿಹುಳು ಅಲುಗಾಡದೆ ಕಾಯುತ್ತದೆ. ಮೀನು ಎಟುಕುವಷ್ಟು ಹತ್ತಿರ ಬಂದೊಡನೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಸಮಯದಲ್ಲಿ ಈ ತುಟಿ ಮುಂದಕ್ಕೆ ಚಾಚಿ, ಬೇಟೆಯನ್ನು ಹಿಡಿದು ದವಡೆಗೆ ತರುತ್ತದೆ. ಹಿಡಿದದ್ದನ್ನು ಅಗಿದು ತಿಂದುಬಿಡುವುದರಿಂದಲೇ ನಿಮಗೆ ಸತ್ತ ಮರಿಗಳು ಸಿಗುತ್ತಿಲ್ಲ.

ಅದು ಒಳಗೆ ಬಂದದ್ದು ಬಹುಮಟ್ಟಿಗೆ ಜಲಸಸ್ಯಗಳ ಜೊತೆಯಲ್ಲಿಯೇ. ಕೆಲವು ಜಾತಿಯ ಏರೋಪ್ಲೇನ್ ಚಿಟ್ಟೆಗಳೂ, ಅವುಗಳ ಹತ್ತಿರದ ಸಂಬಂಧಿಗಳಾದ ತೆಳುದೇಹದ ಡ್ಯಾಮ್ಸೆಲ್‌ಫ್ಲೈಗಳೂ ಗಿಡದ ಕಾಂಡವನ್ನು ಸೀಳಿ ಅದರೊಳಗೆ ಮೊಟ್ಟೆಯಿಡುತ್ತವೆ. ತೆರೆದ ಕೊಳಗಳಲ್ಲಿ ಬೆಳೆಸಿದ ಗಿಡವನ್ನು ತಂದು ಎಷ್ಟೇ ತೊಳೆದರೂ ಕಾಂಡದೊಳಗಿನ ಮೊಟ್ಟೆ ಉಳಿಯುತ್ತದೆ, ಮತ್ತು ಅದರಿಂದ ಹೊರಬರುವ ಮರಿ ಮೊದಲ ದಿನಗಳಲ್ಲಿ ಸುಲಭವಾಗಿ ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿರುತ್ತದೆ. ಕೊಳದಿಂದ ಹಿಡಿದು ತಂದ ಜೀವಂತ ಆಹಾರದೊಡನೆಯೂ ಮರಿಹುಳುಗಳು ಬರಬಹುದು.

ಔಷಧಿಯ ವಿಚಾರದಲ್ಲಿ ನನ್ನ ಉತ್ತರ ಸ್ಪಷ್ಟ: ದಯವಿಟ್ಟು ಹಾಕಬೇಡಿ. ಕೀಟವೂ ಸೀಗಡಿಯೂ ಸಂಧಿಪದಿಗಳೆಂಬ, ಕೀಲುಳ್ಳ ಕಾಲುಗಳ ಪ್ರಾಣಿಗಳ ಗುಂಪಿಗೇ ಸೇರಿದವಾದ್ದರಿಂದ ಒಂದನ್ನು ಕೊಲ್ಲುವ ವಿಷ ಇನ್ನೊಂದನ್ನು ಉಳಿಸುವುದು ಕಷ್ಟ. ಮನೆಗಳಲ್ಲಿ ಬಳಸುವ ಪೈರೆಥ್ರಾಯ್ಡ್ ಕೀಟನಾಶಕಗಳಂತೂ ಅತ್ಯಲ್ಪ ಪ್ರಮಾಣದಲ್ಲಿಯೇ ಮೀನುಗಳಿಗೆ ಮಾರಕ. ಒಂದೆರಡು ಹುಳುಗಳಿಗಾಗಿ ಇಡೀ ತೊಟ್ಟಿಯನ್ನು ಅಪಾಯಕ್ಕೆ ಒಡ್ಡುವ ಅಗತ್ಯವಿಲ್ಲ.

ಕೈಯಿಂದ ಹಿಡಿಯುವುದೇ ಉತ್ತಮ. ದೀಪ ಆರಿಸಿ ಸ್ವಲ್ಪ ಹೊತ್ತಿನ ನಂತರ ಟಾರ್ಚ್ ಬೆಳಕಿನಲ್ಲಿ ಹುಡುಕಿ. ಮರಿಹುಳುವಿನ ಕಿವಿರುಗಳು ಗುದನಾಳದೊಳಗೆ ಇರುತ್ತವೆ; ಉಸಿರಾಟಕ್ಕಾಗಿ ಒಳಗೆಳೆದ ನೀರನ್ನು ಬೆದರಿದಾಗ ಅದು ಹಿಂಬದಿಯಿಂದ ರಭಸವಾಗಿ ಚಿಮ್ಮಿಸಿ ಮುಂದಕ್ಕೆ ನೆಗೆಯುತ್ತದೆ. ಆದ್ದರಿಂದ ಹಿಂದಿನಿಂದ ಬಲೆ ಬೀಸಿದರೆ ತಪ್ಪಿಸಿಕೊಳ್ಳುತ್ತದೆ. ಬಲೆಯನ್ನು ಅದರ ತಲೆಯ ಮುಂದೆ ಹಿಡಿದು, ಕಡ್ಡಿಯಿಂದ ಬಾಲದ ತುದಿಯನ್ನು ಮುಟ್ಟಿದರೆ ತಾನಾಗಿಯೇ ಬಲೆಯೊಳಗೆ ನುಗ್ಗುತ್ತದೆ. ಬಳಿಕ ಗಿಡಗಳನ್ನು ಒಂದೊಂದಾಗಿ ಹೊರತೆಗೆದು, ನೀರು ತುಂಬಿದ ಬಿಳಿ ತಟ್ಟೆಯಲ್ಲಿ ಅಲ್ಲಾಡಿಸಿ ನೋಡಿ. ಕೆಲವು ಜಾತಿಗಳು ಮರಳಿನಲ್ಲಿ ಹುದುಗಿಕೊಳ್ಳುವುದರಿಂದ ತಳವನ್ನು ಕೊಳವೆಯಿಂದ ಬಕೆಟ್ಟಿಗೆ ಹೀರಿ ಪರೀಕ್ಷಿಸುವುದೂ ಅಗತ್ಯ. ಒಂದು ಸಿಕ್ಕಿದರೆ ಇನ್ನಷ್ಟು ಇರಬಹುದೆಂದು ಭಾವಿಸಿ ಕೆಲವು ವಾರಗಳವರೆಗೆ ಈ ತಪಾಸಣೆಯನ್ನು ಮುಂದುವರಿಸಿ. ಅಲ್ಲಿಯವರೆಗೆ ಹೊಸದಾಗಿ ಹುಟ್ಟಿದ ಮರಿಗಳನ್ನು ಬೇರೆ ಪಾತ್ರೆಯಲ್ಲಿಡಿ.

ಮುಂದೆ ಗಿಡ ತಂದಾಗ ಮೂರು ನಾಲ್ಕು ವಾರ ಮೀನಿಲ್ಲದ ಪಾತ್ರೆಯಲ್ಲಿಟ್ಟು ಗಮನಿಸಿ. ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿಯಿಂದ ಬೆಳೆಸಿ ಮುಚ್ಚಿದ ಡಬ್ಬಿಯಲ್ಲಿ ಮಾರುವ ಗಿಡಗಳಲ್ಲಿ ಈ ಭಯವಿಲ್ಲ.

ಪ್ರಶ್ನೆ: ನನ್ನ ತೊಟ್ಟಿಯಲ್ಲಿರುವ ಸಣ್ಣ ಹುಳುವಿಗೆ ಮೂರು ಬಾಲಗಳಿವೆ. ಅದೂ ಮೀನು ತಿನ್ನುತ್ತದೆಯೇ?

ಉತ್ತರ: ಬಾಲಗಳು ಚಪ್ಪಟೆಯಾಗಿ ಎಲೆಯಂತಿದ್ದು ಹೊಟ್ಟೆಯ ಪಕ್ಕಗಳು ಬೋಳಾಗಿದ್ದರೆ ಅದು ಡ್ಯಾಮ್ಸೆಲ್‌ಫ್ಲೈ ಮರಿ, ಆ ಎಲೆಗಳೇ ಅದರ ಕಿವಿರು. ಸಣ್ಣ ಮೀನುಮರಿ ಮತ್ತು ಸೀಗಡಿಮರಿಗಳಿಗೆ ಅದು ಶತ್ರು. ಬಾಲಗಳು ಕೂದಲಿನಂತೆ ತೆಳ್ಳಗಿದ್ದು ಹೊಟ್ಟೆಯ ಎರಡೂ ಪಕ್ಕದಲ್ಲಿ ಕಿವಿರುಗಳು ಮಿಡಿಯುತ್ತಿದ್ದರೆ ಅದು ಮೇಫ್ಲೈ ಮರಿ. ಮೇಫ್ಲೈ ಮರಿಗಳು ಹೆಚ್ಚಾಗಿ ಪಾಚಿ ಮತ್ತು ಕೊಳೆತ ಎಲೆಗಳನ್ನು ತಿನ್ನುವ ನಿರುಪದ್ರವಿಗಳಾದ್ದರಿಂದ ಅದನ್ನು ಅದರ ಪಾಡಿಗೆ ಬಿಡಿ.

ಪ್ರಶ್ನೆ: ಅಂಗಳದ ಕೊಳದಲ್ಲಿ ದೊಡ್ಡ ಗೋಲ್ಡ್‌ಫಿಶ್‌ಗಳಿವೆ. ಸದಾ ಏರೋಪ್ಲೇನ್ ಚಿಟ್ಟೆಗಳು ಬಂದು ನೀರಿಗೆ ಬಾಲ ಅದ್ದುತ್ತವೆ. ನೀರಿನ ಮೇಲೆ ಎಣ್ಣೆ ಹರಡಿದರೆ ಹುಳುಗಳು ಸಾಯುತ್ತವೆಂದು ಕೆಲವರು ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ಮಾಡಬೇಡಿ. ಮೀನುಮರಿ ಸಾಕುವ ಕೊಳಗಳಲ್ಲಿ ಮರಿ ಬಿಡುವ ಮೊದಲು ಎಣ್ಣೆ ಮತ್ತು ಸಾಬೂನಿನ ಮಿಶ್ರಣವನ್ನು ಹರಡುವ ಪದ್ಧತಿ ಇರುವುದು ನಿಜ. ಆದರೆ ಅದು ಕೊಲ್ಲುವುದು ಉಸಿರಿಗಾಗಿ ನೀರಿನ ಮೇಲ್ಮೈಗೆ ಬರುವ ನೀರುಜೀರುಂಡೆ, ನೀರುತಿಗಣೆಗಳಂಥ ಕೀಟಗಳನ್ನು. ಏರೋಪ್ಲೇನ್ ಚಿಟ್ಟೆಯ ಮರಿಹುಳು ನೀರಿನೊಳಗೇ ಉಸಿರಾಡುವುದರಿಂದ ಆ ಎಣ್ಣೆಯ ಪದರ ಅದನ್ನು ತಡೆಯುವುದಿಲ್ಲ.

ಬೆಳೆದ ಗೋಲ್ಡ್‌ಫಿಶ್‌ಗಳು ಮರಿಹುಳುಗಳಿಗೆ ಬಲಿಯಾಗುವುದಿಲ್ಲ. ಅವೇ ಸಣ್ಣ ಮರಿಹುಳುಗಳನ್ನು ತಿಂದು ಸಂಖ್ಯೆಯನ್ನು ಹತೋಟಿಯಲ್ಲಿಡುತ್ತವೆ. ಮೀನುಮರಿಗಳನ್ನು ಉಳಿಸಿಕೊಳ್ಳಬೇಕಾದಾಗ ಮಾತ್ರ ಅವುಗಳನ್ನು ಸಣ್ಣ ಕಣ್ಣಿನ ಬಲೆ ಹೊದಿಸಿದ ಬೇರೆ ತೊಟ್ಟಿಯಲ್ಲಿ ಬೆಳೆಸಿ. ಆ ತೊಟ್ಟಿಗೆ ನೀರು ತುಂಬಿ ಬಹಳ ದಿನ ತೆರೆದಿಡಬೇಡಿ, ಏಕೆಂದರೆ ಮೀನಿಲ್ಲದ ನೀರಿನಲ್ಲಿ ಮರಿಹುಳುಗಳು ಮೊದಲೇ ಬೆಳೆದು ಕುಳಿತಿರುತ್ತವೆ.

ಕೊಳದ ಚಿಟ್ಟೆಗಳನ್ನು ಓಡಿಸುವ ಯೋಚನೆಯನ್ನು ಕೈಬಿಡಿ ಎಂದು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ಮರಿಯಾಗಿ ಸೊಳ್ಳೆಮರಿಗಳನ್ನೂ ಚಿಟ್ಟೆಯಾಗಿ ಹಾರುವ ಸೊಳ್ಳೆಗಳನ್ನೂ ತಿನ್ನುವ ಈ ಗುಂಪಿನ ಸುಮಾರು 6,000 ಜಾತಿಗಳಲ್ಲಿ ಶೇಕಡ 16ರಷ್ಟು ಅಳಿವಿನ ಅಂಚಿನತ್ತ ಸರಿಯುತ್ತಿವೆ ಎಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2021ರಲ್ಲಿ ತಿಳಿಸಿದೆ. ಜೌಗು ನೆಲ ನಾಶವಾಗುತ್ತಿರುವುದು ಇದರ ಮುಖ್ಯ ಕಾರಣ. ನೀರಿನಿಂದ ಮೇಲೆದ್ದು ನಿಂತ ಕೆಲವು ಕಾಂಡಗಳನ್ನು ಕೊಳದ ಅಂಚಿನಲ್ಲಿ ಕತ್ತರಿಸದೆ ಉಳಿಸಿದರೆ, ಬೆಳೆದ ಮರಿಹುಳುಗಳು ಅವುಗಳನ್ನೇರಿ ಕೊನೆಯ ಪೊರೆ ಕಳಚಿ ಹಾರಿಹೋಗಲು ಅನುಕೂಲವಾಗುತ್ತದೆ.