ವಹಿವಾಟು ದೊಡ್ಡದಾಯಿತು, ಕೈಯಲ್ಲಿ ಮಾತ್ರ ಕಾಸಿಲ್ಲ

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ಮನೆಯಲ್ಲೇ ಶೇಂಗಾ ಚಟ್ನಿ, ಕಟಕ ರೊಟ್ಟಿ ಮಾಡಿ ಮಾರತೊಡಗಿದೆ. ಈಗ ಹದಿನೇಳು ಬಗೆಯ ತಿನಿಸು, ಐವರು ಕೆಲಸದ ಹೆಣ್ಣುಮಕ್ಕಳು, ಹುಬ್ಬಳ್ಳಿ-ಧಾರವಾಡದಲ್ಲಿ 22 ಅಂಗಡಿ. ತಿಂಗಳಿಗೆ 2.4 ಲಕ್ಷ ರೂಪಾಯಿ ವಹಿವಾಟು. ಆದರೂ ಶನಿವಾರ ಪಗಾರ ಕೊಡಲು ಕೈಯಲ್ಲಿ ಹಣ ಇರುವುದಿಲ್ಲ. ಅಂಗಡಿಗಳಿಂದ ಬರಬೇಕಾದ ಉದ್ರಿಯೇ 3.1 ಲಕ್ಷ. ಬೆಳಿಗ್ಗೆ ಐದಕ್ಕೆ ಎದ್ದವಳು ರಾತ್ರಿ ಹನ್ನೊಂದಕ್ಕೂ ಆರ್ಡರ್ ಬರೆಯುತ್ತಿರುತ್ತೇನೆ. ಮಲಗಿದರೆ ನಿದ್ದೆ ಇಲ್ಲ. ಬೆಂಗಳೂರಿನ ವಿತರಕರೊಬ್ಬರು ತಿಂಗಳಿಗೆ ಒಂದು ಲಕ್ಷದ ಸರಕು ಕೇಳುತ್ತಿದ್ದಾರೆ, ಹಣ 60 ದಿನಕ್ಕೆ. ಸಾಲ ಮಾಡಿ ರೊಟ್ಟಿ ಯಂತ್ರ ತರೋಣ ಎನ್ನುತ್ತಾರೆ ಯಜಮಾನರು. ನನಗೋ ಎಲ್ಲ ಮುಚ್ಚಿಬಿಡೋಣ ಅನ್ನಿಸುತ್ತದೆ. ಏನು ಮಾಡಲಿ?
– ಹೆಸರು ಬೇಡ, ಧಾರವಾಡ

ಉತ್ತರ: ಮುಚ್ಚುವ ಮಾತು ಸದ್ಯಕ್ಕೆ ಬೇಡ, ಯಂತ್ರದ ಮಾತೂ ಬೇಡ. ಬ್ಯಾಂಕಿನ ಸಾಲ ವಿಭಾಗದಲ್ಲಿ ಬಹಳ ವರ್ಷ ಕುಳಿತವನು ನಾನು. ವ್ಯಾಪಾರ ಇಲ್ಲದೆ ಬಾಗಿಲು ಹಾಕಿದವರನ್ನು ಕಂಡಷ್ಟೇ ವ್ಯಾಪಾರ ಹೆಚ್ಚಾಗಿ ಬಾಗಿಲು ಹಾಕಿದವರನ್ನೂ ಕಂಡಿದ್ದೇನೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಎರಡು ಅಂಕಿಗಳ ಮೇಲೆ: 2.4 ಮತ್ತು 3.1. ಅಂದರೆ ನಿಮ್ಮ ಸುಮಾರು 39 ದಿನದ ಮಾರಾಟದ ಹಣ ಇನ್ನೊಬ್ಬರ ಗಲ್ಲಾಪೆಟ್ಟಿಗೆಯಲ್ಲಿ ಕುಳಿತಿದೆ. ಎಪಿಎಂಸಿಯಲ್ಲಿ ಶೇಂಗಾ, ಬ್ಯಾಡಗಿ ಮೆಣಸಿನಕಾಯಿ ನೀವು ರೊಕ್ಕ ಎಣಿಸಿ ತರುತ್ತೀರಿ, ಪಗಾರ ವಾರಕ್ಕೊಮ್ಮೆ ಕೊಡುತ್ತೀರಿ, ಸರಕು ಮಾತ್ರ ಉದ್ರಿ. ‘ಇಂದು ನಗದು, ನಾಳೆ ಉದ್ರಿ’ ಎಂದು ಹಲಗೆ ತೂಗುಹಾಕಿದ ಅಂಗಡಿಯವರೂ ನಿಮ್ಮ ಹತ್ತಿರ ಉದ್ರಿಯನ್ನೇ ಪಡೆಯುತ್ತಿದ್ದಾರೆ!

ಇದಕ್ಕೆ ಜಗಳ ಬೇಕಿಲ್ಲ. ಹಳೆಯ ಬಾಕಿಯನ್ನು ಬೇರೆ ಹಾಳೆಯಲ್ಲಿ ಬರೆದು, ಪ್ರತಿ ಅಂಗಡಿಯವರಿಂದ ವಾರಕ್ಕೆ ಇಷ್ಟೆಂದು ಕಂತು ಕೇಳಿ. ಇನ್ನು ಮುಂದೆ ಹಿಂದಿನ ಬಿಲ್ಲು ಚುಕ್ತಾ ಆದರೆ ಮಾತ್ರ ಹೊಸ ಸರಕು. 22ರಲ್ಲಿ ನಾಲ್ಕೈದು ಅಂಗಡಿ ಮುನಿಸಿಕೊಂಡು ಬಿಟ್ಟುಹೋಗಬಹುದು. ಹೋಗಲಿ, ಅವರ ಪೈಕಿ ಹೆಚ್ಚಿನವರು ಕೊಡುವವರೇ ಅಲ್ಲ.

ಈಗ ಹದಿನೇಳು ತಿನಿಸಿನ ವಿಷಯ. ಇವುಗಳಲ್ಲಿ ಅರ್ಧವಾದರೂ ಯಾರೋ ಅಂಗಡಿಯವರು ‘ಅಕ್ಕಾ, ಇದನ್ನೂ ಒಂದಿಷ್ಟು ಮಾಡಿ ಕೊಡಿ’ ಎಂದಾಗ ಹುಟ್ಟಿಕೊಂಡವು ಎಂದು ನನ್ನ ಊಹೆ. ಒಂದೊಂದಕ್ಕೂ ಬೇರೆ ಲೇಬಲ್, ಬೇರೆ ಡಬ್ಬಿ, ಬೇರೆ ಚಿಂತೆ. ಅಗಸಿ ಚಟ್ನಿ ಹೆಚ್ಚು ದಿನ ಕುಳಿತರೆ ಕಮಟುತ್ತದೆ. ವಾಪಸು ಬಂದ ಪೊಟ್ಟಣದ ಲೆಕ್ಕ ಇಟ್ಟಿದ್ದೀರಾ? ಒಂದು ಭಾನುವಾರ ಕುಳಿತು ಶೇಂಗಾ ಚಟ್ನಿಯಿಂದಲೇ ಶುರು ಮಾಡಿ. ಕಿಲೋ ಶೇಂಗಾ ಹುರಿದು, ಸಿಪ್ಪೆ ತಿಕ್ಕಿ, ಮೊರದಲ್ಲಿ ಕೇರಿದ ಮೇಲೆ ಎಷ್ಟು ಉಳಿಯಿತೆಂದು ತಕ್ಕಡಿಗೆ ಹಾಕಿ. ಒಂದು ಕಿಲೋ ಇರುವುದಿಲ್ಲ. ಆದರೆ ಬಹಳ ಜನ ಒಂದು ಕಿಲೋ ಎಂದೇ ದರ ಕಟ್ಟುತ್ತಾರೆ. ಬೆಳ್ಳುಳ್ಳಿ, ಗ್ಯಾಸು, ಪೊಟ್ಟಣ, ಸ್ಕೂಟರಿನ ಪೆಟ್ರೋಲು ಎಲ್ಲ ಸೇರಿಸಿ. ಐವರ ಪಗಾರ ಹಾಕುವಾಗ ಆರನೆಯವಳ ಪಗಾರವನ್ನೂ ಹಾಕಿ. ಆ ಆರನೆಯವಳು ನೀವು. ಇಷ್ಟು ಮಾಡಿದ ಮೇಲೆ ಹದಿನೇಳರಲ್ಲಿ ಆರೋ ಏಳೋ ಮಾತ್ರ ಲಾಭ ತೋರಿಸಿದರೆ ನನಗೆ ಆಶ್ಚರ್ಯವಾಗದು. ಉಳಿದವನ್ನು ಮುಂಗಡ ಕೊಟ್ಟವರಿಗೆ ಮಾತ್ರ ಮಾಡಿ.

ಹೀಗೆ ತೂಗುವ ಅಭ್ಯಾಸದಿಂದ ಇನ್ನೊಂದು ಅನುಕೂಲವೂ ಇದೆ. ‘ನನ್ನ ಕೈ ಹದ ಯಾರಿಗೂ ಬರುವುದಿಲ್ಲ’ ಎಂದು ಉಪ್ಪಿನಕಾಯಿ ಮಾಡುವ ಹಿರಿಯರೊಬ್ಬರು ನನ್ನೊಂದಿಗೆ ವಾದಕ್ಕೆ ನಿಂತಿದ್ದರು. ಅವರ ‘ಒಂದು ಹಿಡಿ’ ಉಪ್ಪನ್ನು ಅಲ್ಲೇ ಮೂರು ಸಲ ತೂಗಿಸಿದೆ. ಮೂರು ಸಲಕ್ಕೆ ಮೂರು ತೂಕ! ನಕ್ಕರು, ಬಳಿಕ ಎಲ್ಲವನ್ನೂ ಗ್ರಾಮ್‌ನಲ್ಲಿ ಬರೆದು ಗೋಡೆಗೆ ಅಂಟಿಸಿದರು. ನೀವೂ ಮಾಡಿ. ಅಳತೆ ಗೋಡೆಯ ಮೇಲಿದ್ದರೆ ‘ಅಕ್ಕಾ, ಖಾರ ಸಾಕಾ ನೋಡಿ’ ಎಂದು ದಿನಕ್ಕೆ ಇಪ್ಪತ್ತು ಸಲ ನಿಮ್ಮನ್ನು ಕರೆಯುವುದು ತಪ್ಪುತ್ತದೆ. ಐವರಲ್ಲಿ ಬರೆಯಲು ಬರುವ ಒಬ್ಬರಿಗೆ ಪಗಾರ ಸ್ವಲ್ಪ ಹೆಚ್ಚಿಸಿ, ಆರ್ಡರ್ ಪುಸ್ತಕವನ್ನು ಅವರ ಕೈಗೆ ಕೊಡಿ. ಸಂಜೆ ಏಳರ ನಂತರ ಆರ್ಡರ್ ಇಲ್ಲ ಎಂದು ಅಂಗಡಿಗಳಿಗೆ ತಿಳಿಸಿಬಿಡಿ. ಇಷ್ಟಾದ ಮೇಲೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ ಅದು ವ್ಯಾಪಾರದ ಲೆಕ್ಕವಲ್ಲ, ವೈದ್ಯರಿಗೆ ತೋರಿಸಬೇಕಾದದ್ದು. ನಿಮ್ಮ ಊರಲ್ಲೇ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ; ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮನೆಯಿಂದಲೇ ಉಚಿತವಾಗಿ ಕರೆ ಮಾಡಬಹುದು.

ಯಂತ್ರದ ಬಗ್ಗೆ ಯಜಮಾನರಿಗೆ ಹೇಳಿ: ಅದು ರೊಟ್ಟಿ ಮಾಡೀತು, ಉದ್ರಿ ವಸೂಲು ಮಾಡದು. ಈಗಿನ ಸ್ಥಿತಿಯಲ್ಲಿ ಸಾಲ ಮಾಡಿದರೆ ಶನಿವಾರದ ಪಗಾರದ ಜೊತೆಗೆ ತಿಂಗಳ ಕಂತಿಗೂ ಹಣ ಹುಡುಕಬೇಕಾಗುತ್ತದೆ.

ಇನ್ನು ಬೆಂಗಳೂರಿನವರು. 60 ದಿನವೆಂದರೆ ಮೊದಲ ಚೆಕ್ ಬರುವಷ್ಟರಲ್ಲಿ ನಿಮ್ಮ ಎರಡು ಲಕ್ಷದ ಸರಕು ಹೋಗಿರುತ್ತದೆ. ಮತ್ತೊಂದು ಸಂಗತಿಯನ್ನು ಅವರೂ ನಿಮಗೆ ಹೇಳಿರಲಾರರು. ತಿಂಗಳಿಗೆ 2.4 ಲಕ್ಷವೆಂದರೆ ವರ್ಷಕ್ಕೆ 28.8 ಲಕ್ಷ, ಇದಕ್ಕೆ ಬೆಂಗಳೂರಿನ 12 ಲಕ್ಷ ಸೇರಿದರೆ 40.8 ಲಕ್ಷ. ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವುದು 40 ಲಕ್ಷ ದಾಟಿದಾಗ. ನೋಂದಣಿಯೇನೂ ಪಾಪವಲ್ಲ, ಆದರೆ ಲೆಕ್ಕ ಬರೆಯುವವರಿಲ್ಲದೆ ಆ ಗೆರೆ ದಾಟಬಾರದು.

ಸಣ್ಣ ಉದ್ಯಮಗಳಿಗೆಂದೇ ಸರ್ಕಾರದ ಉದ್ಯಮ್ ನೋಂದಣಿ ಇದೆ; ಮಾಡಿಸಿಲ್ಲವಾದರೆ ಈ ವಾರವೇ ಮಾಡಿಸಿ. ಆಧಾರ್, ಪ್ಯಾನ್ ಇದ್ದರಾಯಿತು, ಶುಲ್ಕವಿಲ್ಲ. ದುಡ್ಡು ಕೇಳುವ ಮಧ್ಯವರ್ತಿಗಳಿಂದ ದೂರವಿರಿ. ನೋಂದಣಿಯಿದ್ದ ಕಿರು ತಯಾರಕರಿಗೆ 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ ಬಲವಿದೆ. ಲಿಖಿತ ಒಪ್ಪಂದವಿದ್ದರೂ ಖರೀದಿದಾರರು 45 ದಿನದೊಳಗೆ ಹಣ ಕೊಡಬೇಕು, ಒಪ್ಪಂದವೇ ಇಲ್ಲದಿದ್ದರೆ 15 ದಿನದೊಳಗೆ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅಂದರೆ ಆ 60 ದಿನದ ಕರಾರು ಕಾನೂನಿನ ಮುಂದೆ ನಿಲ್ಲುವುದೇ ಇಲ್ಲ. ಓಣಿಯ ಕಿರಾಣಿ ಅಂಗಡಿಯವರ ಮುಂದೆ ಇದನ್ನು ಓದಲು ಹೋಗಬೇಡಿ, ಸಂಬಂಧ ಕೆಡುತ್ತದೆ. ಬೆಂಗಳೂರಿನ ವಿತರಕರಿಗೆ ಮಾತ್ರ ವಿನಯದಿಂದಲೇ ತಿಳಿಸಿ: ಮೂರು ತಿಂಗಳು ತಡೆಯಿರಿ, ಆಮೇಲೆ ತಿಂಗಳಿಗೆ 30 ಸಾವಿರದ ಸರಕು, ಅರ್ಧ ಹಣ ಮುಂಗಡ, ಉಳಿದದ್ದು 30 ದಿನಕ್ಕೆ.

ಶೇಂಗಾ ಚಟ್ನಿಯ ಲೆಕ್ಕ ಬರೆದಾದ ಮೇಲೆ ಆ ಹಾಳೆಯನ್ನು ನನಗೆ ಕಳುಹಿಸಿ. ದರ ಏರಿಸಬೇಕೋ ಬೇಡವೋ ಎಂಬುದನ್ನು ಅದನ್ನು ನೋಡಿ ಹೇಳುತ್ತೇನೆ.